ಕೇಬಲ್, ಫ್ರೀ ಡಿಶ್, ಮೊಬೈಲು: ವಾರಪೂರ್ತಿ ನೋಡೋಕೆ ಯಾವುದರಲ್ಲಿ ಏನಿದೆ?

ಮೈಸೂರಿನ ನಮ್ಮ ಮನೆಯಲ್ಲಿ ಕೇಬಲ್ ಇದೆ. ಪಾಂಡವಪುರದ ಹತ್ತಿರ ಚಿಕ್ಕಪ್ಪನ ಮನೆ ತಾರಸಿ ಮೇಲೆ ದೂರದರ್ಶನದವರ ಪುಕ್ಕಟೆ ಡಿಶ್, ಅಂದರೆ ಡಿಡಿ ಫ್ರೀ ಡಿಶ್ ಇದೆ. ಮಗಳ ಕೈಯಲ್ಲಂತೂ ಮೊಬೈಲು ಇದ್ದೇ ಇದೆ. ಮೂರನ್ನೂ ಸಾಕಷ್ಟು ನೋಡಿದ್ದೀನಿ. ಯಾವುದರಲ್ಲಿ ಚಾನೆಲ್ ಜಾಸ್ತಿ ಅನ್ನೋದು ಪೆಟ್ಟಿಗೆ ಮಾರುವವರು ಹೇಳುವ ಲೆಕ್ಕ. ನಂಗೆ ಬೇಕಿದ್ದದ್ದು ಬೇರೆ: ಸೋಮವಾರದಿಂದ ಭಾನುವಾರದ ತನಕ ಬೇರೆ ಬೇರೆ ಥರದ ಕಾರ್ಯಕ್ರಮ ಎಷ್ಟು ಸಿಗುತ್ತೆ?

ಮೊದಲು ಕೇಬಲ್. ಸಂಜೆ ದೀಪ ಹಚ್ಚುವ ಹೊತ್ತಿಂದ ಊಟ ಮುಗಿಯುವ ತನಕ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ನಾಲ್ಕರಲ್ಲೂ ಧಾರಾವಾಹಿ. ಒಂದರಲ್ಲಿ ಜಾಹೀರಾತು ಬಂತು ಅಂತ ಇನ್ನೊಂದಕ್ಕೆ ಹೋದರೆ ಅಲ್ಲೂ ಜಾಹೀರಾತು. ಸೋಮವಾರ ಕಳೆದುಹೋದ ಆಸ್ತಿ ಪತ್ರ ಶುಕ್ರವಾರಕ್ಕೂ ಸಿಗಲ್ಲ, ಮಹಾಸಂಚಿಕೆ ತನಕ ಕಾಯಬೇಕು. ಬೆಳಿಗ್ಗೆ ಹಾಕಿದರೆ ಮನರಂಜನೆ ಚಾನೆಲ್‌ನಲ್ಲೂ ಜ್ಯೋತಿಷಿ, ನ್ಯೂಸ್ ಚಾನೆಲ್‌ನಲ್ಲೂ ಜ್ಯೋತಿಷಿ. ಮಧ್ಯಾಹ್ನ ರಾತ್ರಿಯದ್ದೇ ಮರುಪ್ರಸಾರ. ವಾರದ ಕೊನೆಗೆ ಮಾತ್ರ ಸ್ವಲ್ಪ ಬದಲಾವಣೆ: ಹಾಡಿನ ಸ್ಪರ್ಧೆ, ಡ್ಯಾನ್ಸು, ಕಾಮಿಡಿ, ಬಿಗ್ ಬಾಸ್ ನಡೀತಿದ್ದರೆ ಸುದೀಪ್ ಪಂಚಾಯ್ತಿ. ಆದರೆ ಹಾಡಿನ ಸ್ಪರ್ಧೆಯಲ್ಲೂ ಹಾಡಿಗಿಂತ ಅಳು ಜಾಸ್ತಿ ಅನ್ನೋದು ನಮ್ಮಮ್ಮನ ದೂರು.

ಈ ಸಾಲಿನಲ್ಲಿ ನಿಜವಾಗಿ ಬೇರೆ ಅನ್ನಿಸಿದ್ದು 2020ರಲ್ಲಿ ಜೀ ಕನ್ನಡಕ್ಕೆ ಡಬ್ ಆಗಿ ಬಂದ ಅಂಬೇಡ್ಕರ್ ಧಾರಾವಾಹಿ 'ಮಹಾನಾಯಕ'. ಅದಕ್ಕೆ ಊರೂರಲ್ಲಿ ಜನರೇ ಫ್ಲೆಕ್ಸ್ ಕಟ್ಟಿಸಿದರು. ಧಾರಾವಾಹಿಗೆ ಫ್ಲೆಕ್ಸ್! ಬೇರೆ ಥರದ್ದು ಕೊಟ್ಟರೆ ಜನ ನೋಡಲ್ಲ ಅನ್ನುವವರು ಅದನ್ನ ನೆನಪಿಟ್ಟುಕೊಳ್ಳಲಿ.

ಇಷ್ಟಾದರೂ ನಾನು ಕೇಬಲ್ ತೆಗೆಸಿಲ್ಲ. ಕಾರಣ ನಮ್ಮ ಲೋಕಲ್ ಚಾನೆಲ್. ಕೇಬಲ್‌ನವರೇ ನಡೆಸೋದು. ಚಿತ್ರ ಅಷ್ಟಕ್ಕಷ್ಟೆ, ಧ್ವನಿ ಒಮ್ಮೊಮ್ಮೆ ತುಟಿಗಿಂತ ಹಿಂದೆ ಬರುತ್ತೆ. ಆದರೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕ್ಯೂ ಎಲ್ಲಿಯವರೆಗೆ ಬಂದಿದೆ ಅನ್ನೋದು ಅದರಲ್ಲೇ ಗೊತ್ತಾಗೋದು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರೂ ಎಳೆಯೋದನ್ನ ಮೊದಲಿಂದ ಕೊನೆತನಕ ತೋರಿಸುತ್ತಾರೆ. ಮಧ್ಯೆ ಮಾತಾಡಿ ಕೆಡಿಸುವ ನಿರೂಪಕರಿಲ್ಲ. ಕೆಳಗೆ ಓಡುವ ಸಾಲುಗಳಂತೂ ಇನ್ನೊಂದು ಕಾರ್ಯಕ್ರಮ. '30/40 ಸೈಟ್ ಮಾರಾಟಕ್ಕಿದೆ, ಪೂರ್ವ ದಿಕ್ಕು.' 'ಟ್ಯೂಷನ್ ಹೇಳಿಕೊಡಲಾಗುವುದು.' ಹಿಂದೆಯೇ ಮೊದಲನೇ ವರ್ಷದ ಹುಟ್ಟುಹಬ್ಬದ ಮಗುವಿನ ಫೋಟೊ, ಅದರ ಹಿಂದೆ ಯಾರದೋ ವೈಕುಂಠ ಸಮಾರಾಧನೆಯ ಆಹ್ವಾನ. ಅಮ್ಮ ಧಾರಾವಾಹಿ ನೋಡುವಾಗ ಎದ್ದು ಹೋಗಿ ಸೊಪ್ಪು ಬಿಡಿಸಿಕೊಂಡು ಬರುತ್ತಾರೆ, ಆ ಸಾಲು ಓಡುವಾಗ ಮಾತ್ರ ಅಲ್ಲಾಡಲ್ಲ.

ಇನ್ನು ಬಿಲ್ಲು. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೊಸ ಪದ್ಧತಿ ತಂತು. ಬೇಕಾದ ಚಾನೆಲ್ ಆರಿಸಿಕೊಳ್ಳಿ, ಅದಕ್ಕಷ್ಟೇ ದುಡ್ಡು ಕೊಡಿ ಅಂತ. ಕಾಗದದ ಮೇಲೆ ಚೆನ್ನಾಗಿದೆ. ಬಿಡಿಬಿಡಿಯಾಗಿ ಆರಿಸಲು ಹೋದರೆ ಒಂದೊಂದೂ ದುಬಾರಿ, ಪ್ಯಾಕ್ ತಗೊಂಡರೆ ಅಗ್ಗ. ಪ್ಯಾಕ್‌ನಲ್ಲಿ ನಾವು ಯಾರೂ ನೋಡದ ಚಾನೆಲ್‌ಗಳು ಸೇರಿಕೊಂಡಿರುತ್ತವೆ. ಆರಿಸೋ ಹಕ್ಕು ಅಂದರೆ ಇದೇನಾ?

ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ. ಡಿಶ್ಶು, ಬಾಕ್ಸು ಒಂದು ಸಲ ಕೊಂಡರೆ ಮುಗೀತು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು ಇದೇ. ಜೋರು ಮಳೆ ಬಂದರೆ ಚಿತ್ರ ಚೂರುಚೂರಾಗುತ್ತೆ, ಆಮೇಲೆ ನಿಂತೇ ಹೋಗುತ್ತೆ. ಚಾನೆಲ್ ರಾಶಿ ಇದೆ, ಆದರೆ ಬಹುಪಾಲು ಹಿಂದಿ. ನಾನು ಅಲ್ಲಿ ಕೂತು ನೋಡೋ ಕನ್ನಡ ಅಂದರೆ ದೂರದರ್ಶನದ ಕನ್ನಡ ಚಾನೆಲ್ ಚಂದನ.

ಚಂದನವನ್ನು ನಾವು ಮೈಸೂರಿನವರು ದಸರಾ ಜಂಬೂಸವಾರಿಗೆ ಹಾಕಿ ಮರೆತುಬಿಡ್ತೀವಿ, ಅಲ್ವಾ? ಚಿಕ್ಕಪ್ಪನ ಮನೆಯಲ್ಲಿ ಅದನ್ನ ವಾರಗಟ್ಟಲೆ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ಬಗೆಬಗೆಯ ಲೆಕ್ಕದಲ್ಲಿ ಆ ನಾಲ್ಕು ಖಾಸಗಿ ಚಾನೆಲ್ ಸೇರಿದರೂ ಚಂದನದ ಸಮಕ್ಕೆ ಬರಲ್ಲ. ಕೃಷಿ, ವೈದ್ಯರ ಜೊತೆ ಮಾತು, ಸುಗಮ ಸಂಗೀತ, ನಾಟಕ, ವಾರ್ತೆ, 'ಥಟ್ ಅಂತ ಹೇಳಿ'. 2002ರಿಂದ ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಿದ್ದಾರೆ, ಸರಿ ಉತ್ತರಕ್ಕೆ ಪುಸ್ತಕ ಬಹುಮಾನ. ಹಿನ್ನೆಲೆಯಲ್ಲಿ ಢಂ ಢಂ ಅಂತ ಸದ್ದಿಲ್ಲ. ಸೆಟ್ಟು ಹಳೇದು, ಬೆಳಕು ಸಪ್ಪೆ, ಒಪ್ತೀನಿ. ಕೆಲವು ಸಂದರ್ಶನಗಳಲ್ಲಿ ನಂಗೂ ಆಕಳಿಕೆ ಬಂದಿದೆ.

ಆದರೆ ಚಂದನಕ್ಕೋಸ್ಕರ ಯಾರೂ ಡಿಶ್ ಹಾಕಿಸಬೇಕಿಲ್ಲ. ಕೇಬಲ್‌ನವರು ದೂರದರ್ಶನದ ಚಾನೆಲ್ ಕೊಡಲೇಬೇಕು ಅಂತ ಕಾನೂನೇ ಇದೆ. ಅದಕ್ಕೆ ಬೇರೆ ದುಡ್ಡೂ ಇಲ್ಲ. ನಮ್ಮನೆ ಬಾಕ್ಸಿನಲ್ಲೂ ಇತ್ತು. ರಿಮೋಟ್‌ನಲ್ಲಿ ಅಷ್ಟು ಕೆಳಗೆ ಯಾರೂ ಹೋಗಿರಲಿಲ್ಲ ಅಷ್ಟೆ. ಈಗ ಫೇವರಿಟ್ ಪಟ್ಟಿಗೆ ಹಾಕಿದ್ದೀನಿ.

ಡಿಶ್ಶಿನ ನಿಜವಾದ ಲಾಭ ಕ್ರಿಕೆಟ್. "ಮ್ಯಾಚು ಪುಕ್ಸಟ್ಟೆ ಬತ್ತದೆ ಬಾರ್ಲಾ" ಅಂತ ಚಿಕ್ಕಪ್ಪ ಕರೆಯೋದು ಸುಮ್ನೆ ಅಲ್ಲ. ಭಾರತ ಆಡುವ ಏಕದಿನ, ಟಿ20 ಪಂದ್ಯಗಳನ್ನ ಖಾಸಗಿಯವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾಯ್ದೆ ಹೇಳುತ್ತೆ. ಹಾಗೆ ಬಂದ ಪಂದ್ಯವನ್ನು ದೂರದರ್ಶನ ತನ್ನ ಆಂಟೆನಾದಲ್ಲಿ, ಫ್ರೀ ಡಿಶ್‌ನಲ್ಲಿ ತೋರಿಸಬಹುದು, ಖಾಸಗಿ ಕೇಬಲ್‌ಗೆ ಕೊಡುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ತಿಂಗಳಾ ತಿಂಗಳಾ ದುಡ್ಡು ಕಟ್ಟುವ ನಮಗೆ ಡಿಡಿಯಲ್ಲಿ ಮ್ಯಾಚ್ ಇಲ್ಲ, ಪುಕ್ಕಟೆ ನೋಡುವ ಚಿಕ್ಕಪ್ಪನಿಗೆ ಉಂಟು. ಐಪಿಎಲ್ ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಟಿವಿಯಲ್ಲಿ ಕನ್ನಡ ಕಾಮೆಂಟರಿ ಬೇಕು ಅಂದರೂ ಸ್ಟಾರ್ ಸ್ಪೋರ್ಟ್ಸ್ ಕನ್ನಡಕ್ಕೆ ಹೋಗಬೇಕು.

ಮೊಬೈಲಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಎಲ್ಲವೂ ಇದೆ ಅಂತಾರೆ, ಒಂದೇ ಕಡೆ ಇಲ್ಲ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡ ಜೀ5ನಲ್ಲಿ, ಉದಯ ಸನ್ ನೆಕ್ಸ್ಟ್‌ನಲ್ಲಿ. ಕೇಬಲ್‌ನ ನಾಲ್ಕು ಬಟನ್ನಿಗೆ ಇಲ್ಲಿ ಮೂರು ಆ್ಯಪು, ಮೂರು ಪಾಸ್‌ವರ್ಡು. ಇನ್ನೊಂದು ಕಾಟ: ದುಡ್ಡು ಕೊಟ್ಟವರಿಗೆ ಕೆಲವು ಧಾರಾವಾಹಿ ಟಿವಿಗಿಂತ ಮೊದಲೇ ಸಿಗುತ್ತೆ. ಮಗಳು ಅದನ್ನ ನೋಡಿಕೊಂಡು ಬಂದು, ಅಮ್ಮ ಟಿವಿ ಮುಂದೆ ಕೂತಾಗ "ಅಜ್ಜಿ, ಅವಳು ಸಾಯಲ್ಲ ಬಿಡಿ" ಅಂದುಬಿಡ್ತಾಳೆ. ಮೊಬೈಲಿನ ಪರವಾಗಿ ಹೇಳಬೇಕಾದ್ದೂ ಒಂದಿದೆ. ಬೇರೆ ಭಾಷೆಯ ಸರಣಿಗಳು, ಪ್ರಾಣಿ ಪ್ರಪಂಚ, ವಿಜ್ಞಾನ ಬೇಕಾದವರಿಗೆ ಅದರಷ್ಟು ಯಾವುದೂ ಕೊಡಲ್ಲ. ಹುಡುಕೋ ತಾಳ್ಮೆ ಇರಬೇಕು. ನಂಗೆ ಅರ್ಧ ಗಂಟೆ ಹುಡುಕಿದ ಮೇಲೆ ನಿದ್ದೆ ಬರುತ್ತೆ.

ಈಗ ನಮ್ಮಲ್ಲಿ ಉಳಿದಿರೋ ಏರ್ಪಾಡು ಹೀಗಿದೆ. ಕೇಬಲ್‌ನಲ್ಲಿ ಕನ್ನಡದ ಚಿಕ್ಕ ಪ್ಯಾಕ್, ಹಿಂದಿ, ಇಂಗ್ಲಿಷ್ ಎಲ್ಲ ತೆಗೆಸಿದ್ದಾಯ್ತು. ಆ್ಯಪ್‌ಗಳಲ್ಲಿ ಒಂದೇ, ಅದೂ ಫೋನ್ ರೀಚಾರ್ಜ್ ಜೊತೆ ಬಂದರೆ ಮಾತ್ರ. ಭಾರತದ ಮ್ಯಾಚ್ ಭಾನುವಾರ ಬಿದ್ದರೆ ಪಾಂಡವಪುರದ ಬಸ್ಸು. ಇನ್ನು ಬಿಗ್ ಬಾಸ್ ಮತ್ತು 'ಥಟ್ ಅಂತ ಹೇಳಿ' ಒಟ್ಟಿಗೆ ಬಂದ ರಾತ್ರಿ ರಿಮೋಟ್ ಯಾರ ಕೈಯಲ್ಲಿರಬೇಕು ಅನ್ನೋದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.