ಲೇಮ್ ಚಬಾಂಗಿನಿಂದ ಬ್ಯಾಂಕಾಕ್: ಹಡಗಿನ ಬಸ್ಸೋ, ನಾವೇ ಗೊತ್ತುಮಾಡಿದ ಕಾರೋ?

ಕ್ರೂಸ್ ಹಡಗುಗಳ ವೇಳಾಪಟ್ಟಿಯಲ್ಲಿ ಬ್ಯಾಂಕಾಕ್ ಎಂದು ಅಚ್ಚಾಗಿದ್ದರೂ ದೊಡ್ಡ ಹಡಗುಗಳು ಬ್ಯಾಂಕಾಕಿಗೆ ಹೋಗುವುದಿಲ್ಲ. ಅವು ನಿಲ್ಲುವುದು ಚೋನ್‌ಬುರಿ ಪ್ರಾಂತ್ಯದ ಲೇಮ್ ಚಬಾಂಗಿನಲ್ಲಿ, ಅಂದರೆ ಥಾಯ್ಲೆಂಡಿನ ಅತಿ ದೊಡ್ಡ ಸರಕು ಬಂದರಿನಲ್ಲಿ. ಅಲ್ಲಿಂದ ರಾಜಧಾನಿ ಸುಮಾರು 120 ಕಿ.ಮೀ. ದೂರ. ಚಾವೊ ಫ್ರಯಾ ನದಿಯೊಳಕ್ಕೆ ಬರಬಲ್ಲ ಚಿಕ್ಕ ಹಡಗುಗಳು ಮಾತ್ರ ನಗರದೊಳಗಿನ ಖ್ಲೋಂಗ್ ತೋಯ್ ಬಂದರಿನವರೆಗೂ ಹೋಗುತ್ತವೆ. ಅಂಥ ಹಡಗಿನಲ್ಲಿ ಪ್ರಯಾಣಿಸುವವರಿಗೆ ಈ ಬರಹದ ಅಗತ್ಯವಿಲ್ಲ. ಉಳಿದವರ ಮುಂದೆ ಮೂರು ದಾರಿಗಳಿವೆ: ಹಡಗಿನ ಕಂಪನಿಯೇ ಮಾರುವ ಬಸ್ ಪ್ರವಾಸ, ಊರಿನಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಂಡ ಖಾಸಗಿ ಕಾರು ಮತ್ತು ಗೈಡ್, ಇಲ್ಲವೇ ಬಂದರಿನಲ್ಲಿ ಸಿಗುವ ಟ್ಯಾಕ್ಸಿ. ಬೇರೆ ಬೇರೆ ಪ್ರವಾಸಗಳಲ್ಲಿ ಈ ಮೂರನ್ನೂ ಬಳಸಿ ನೋಡಿದ್ದೇನೆ. ಖಾಸಗಿ ಕಾರೇ ನನ್ನ ಆಯ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದರಲ್ಲೊಂದು ತೊಡಕಿದೆ, ಅದನ್ನು ಪ್ರವಾಸ ಮಾರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಮುಂದೆ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಹೊತ್ತಿನ ಲೆಕ್ಕ. ಹಡಗು ಬೆಳಿಗ್ಗೆ 7ಕ್ಕೆ ದಡ ಸೇರಿ ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಕಾಗದದ ಮೇಲೆ ಅದು ಹನ್ನೊಂದು ಗಂಟೆ. ಇಳಿದು ವಾಹನದಲ್ಲಿ ಕೂರುವ ಹೊತ್ತಿಗೆ 8 ಆಗಿರುತ್ತದೆ. 7ನೇ ಸಂಖ್ಯೆಯ ಮೋಟರ್‌ವೇಯಲ್ಲಿ ನಗರದ ಅಂಚಿನವರೆಗೆ ದಾರಿ ಸರಾಗ. ಹಳೆಯ ಬ್ಯಾಂಕಾಕಿನ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಮಾತ್ರ ವಾಹನ ತೆವಳುತ್ತದೆ. ಹೀಗಾಗಿ ಗ್ರ್ಯಾಂಡ್ ಪ್ಯಾಲೇಸಿನ ಬಾಗಿಲು ಕಾಣುವಾಗ 10 ಗಂಟೆ. ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಎಲ್ಲರೂ ಹಡಗಿನೊಳಗಿರಬೇಕು ಎಂಬ ನಿಯಮವನ್ನೂ ಸಂಜೆಯ ವಾಹನದಟ್ಟಣೆಯನ್ನೂ ಗಣಿಸಿದರೆ, ಮಧ್ಯಾಹ್ನ 2.30ಕ್ಕೆ ನಗರ ಬಿಡುವುದು ಅನಿವಾರ್ಯ. ಕೈಗೆ ಉಳಿಯುವುದು ನಾಲ್ಕೂವರೆ ಗಂಟೆ. ಯಾವ ದಾರಿ ಹಿಡಿದರೂ ಈ ಅವಧಿ ಹೆಚ್ಚುಕಡಿಮೆ ಇಷ್ಟೇ. ಅದನ್ನು ಹೇಗೆ ಕಳೆಯಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದರಲ್ಲಷ್ಟೇ ವ್ಯತ್ಯಾಸ.

ಹಡಗಿನ ಬಸ್ಸಿನಲ್ಲಿ ಅದನ್ನು ತೀರ್ಮಾನಿಸುವುದು ವೇಳಾಪಟ್ಟಿ ಮತ್ತು ಬಸ್ಸಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಪ್ರಯಾಣಿಕ. ನಲವತ್ತು ಜನ ಇಳಿದು, ಶೌಚಾಲಯಕ್ಕೆ ಹೋಗಿ ಬಂದು, ಎಣಿಕೆ ಮುಗಿಸಿಕೊಂಡು ಹೊರಡುವ ಹೊತ್ತಿಗೆ ಪ್ರತಿ ನಿಲುಗಡೆಯಲ್ಲೂ ಕಾಲು ಗಂಟೆ ಕರಗುತ್ತದೆ. ನಾವು ಕೊಂಡಿದ್ದ ಪ್ರವಾಸದಲ್ಲಿ ಹೋಟೆಲೊಂದರ ಬಫೆ ಊಟಕ್ಕೆ ಒಂದು ಗಂಟೆಗೂ ಮೀರಿ ಕಳೆಯಿತು. ಅದರ ಬೆನ್ನಿಗೆ, ಕರಪತ್ರದಲ್ಲಿ 'ಸ್ಥಳೀಯ ಕುಶಲಕರ್ಮ ದರ್ಶನ' ಎಂದು ನಮೂದಿಸಿದ್ದ ನಿಲುಗಡೆಯೊಂದು ಬಂತು. ಅದು ರತ್ನಾಭರಣಗಳ ಭವ್ಯ ಮಳಿಗೆ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮಾರಾಟಗಾರ್ತಿ ಜೊತೆಯಾಗುತ್ತಿದ್ದಳು, ಮತ್ತು ಹೊರಗೆ ಹೋಗುವ ದಾರಿ ಎಲ್ಲಾ ಕೌಂಟರುಗಳನ್ನೂ ಸುತ್ತಿಕೊಂಡೇ ಸಾಗುತ್ತಿತ್ತು. ಇಷ್ಟರ ನಡುವೆ ಅರಮನೆಯ ಆವರಣಕ್ಕೆ ದಕ್ಕಿದ್ದು ಒಂದು ಗಂಟೆ.

ಆದರೂ ಬಸ್ಸಿನ ಪರವಾಗಿ ಒಂದು ಮಾತು ಹೇಳಲೇಬೇಕು, ಅದು ಸಣ್ಣದಲ್ಲ. ಹಡಗಿನ ಕಂಪನಿಯ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಕಂಪನಿಯದು. ಖಾಸಗಿ ಕಾರಿನಲ್ಲಿ ಹೋದವರಿಗಾಗಿ ಹಡಗು ಕಾಯುವುದಿಲ್ಲ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ವಿಮಾನದಲ್ಲಿ ನಮ್ಮ ಖರ್ಚಿನಲ್ಲೇ ಹೋಗಬೇಕು. ಆ ಬಂದರು ವಿಯೆಟ್ನಾಮಿನದೋ ಸಿಂಗಾಪುರದ್ದೋ ಆಗಿದ್ದರೆ ಭಾರತೀಯ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು, ಮತ್ತು ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಸಿಬ್ಬಂದಿಯೇ ಇಟ್ಟುಕೊಂಡಿರುತ್ತಾರೆ. ಇದನ್ನು ಯೋಚಿಸಿಯೇ ನಿದ್ದೆಗೆಡುವ ಸ್ವಭಾವದವರು ಬಸ್ಸಿನಲ್ಲಿ ಹೋಗುವುದೇ ಒಳ್ಳೆಯದು.

ಖಾಸಗಿ ಕಾರಿನಲ್ಲಿ ಹೋದಾಗ ಅದೇ ನಾಲ್ಕೂವರೆ ಗಂಟೆಯನ್ನು ನಾವು ಬೇರೆಯೇ ರೀತಿಯಲ್ಲಿ ಕಳೆದೆವು. ಅರಮನೆಯ ಆವರಣದಲ್ಲೇ ಇರುವ ಪಚ್ಚೆ ಬುದ್ಧನ ದೇವಾಲಯವನ್ನು ಬಳಸಿಕೊಂಡು ಸಾಗುವ ಮೊಗಸಾಲೆಯ ಗೋಡೆಗಳ ಮೇಲೆ ರಾಮಕಿಯೆನ್ ಕಥೆಯನ್ನು, ಅಂದರೆ ಥಾಯ್ ರಾಮಾಯಣವನ್ನು, 178 ಚಿತ್ರಪಟ್ಟಿಕೆಗಳಲ್ಲಿ ಬರೆದಿದ್ದಾರೆ. ಬಸ್ಸಿನ ಗೈಡ್ ಅದನ್ನು ಕೈಯೆತ್ತಿ ತೋರಿಸಿ ಮುಂದೆ ನಡೆದಿದ್ದರು. ಈ ಬಾರಿ ನಾವು ಅಲ್ಲಿಯೇ ನಿಂತೆವು. ನೆರಳಿರುವ ಜಾಗವಾದ್ದರಿಂದ ಹನ್ನೊಂದರ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಆಶ್ರಯ ಆ ಆವರಣದಲ್ಲಿಲ್ಲ. ಫ್ರಾ ರಾಮ್, ನಾಂಗ್ ಸೀದಾ, ಹತ್ತು ತಲೆಯ ತೊತ್ಸಕನ್ ಇವರನ್ನು ಗುರುತಿಸುವುದು ನಮಗೆ ಕಷ್ಟವಾಗಲಿಲ್ಲ. ತೊತ್ಸಕನ್ನನ ಮಗಳಾದ ಸುವಣ್ಣಮಚ್ಛಾ ಎಂಬ ಮತ್ಸ್ಯಕನ್ಯೆಯನ್ನು ಹನುಮಂತ ಒಲಿಸಿಕೊಂಡು ಅವಳಿಂದ ಮಗನನ್ನೂ ಪಡೆಯುತ್ತಾನೆ ಎಂದು ಗೈಡ್ ಸಹಜವಾಗಿ ಹೇಳಿದಾಗ ಮಾತ್ರ ನಮ್ಮ ಗುಂಪಿನ ಹಿರಿಯರು ಮುಖ ಮುಖ ನೋಡಿಕೊಂಡರು. ಅಲ್ಲಿಂದ ಮುಂದೆ ನಡೆದ ಪ್ರಶ್ನೋತ್ತರಕ್ಕೆ ಯಾವ ಬಸ್ ಪ್ರವಾಸದ ವೇಳಾಪಟ್ಟಿಯಲ್ಲೂ ಸ್ಥಳ ಇರಲಾರದು.

ವಾಟ್ ಫೋ ದೇವಾಲಯದ 46 ಮೀಟರ್ ಉದ್ದದ ಶಯನ ಬುದ್ಧನನ್ನು ಎರಡೂ ಪ್ರವಾಸಗಳಲ್ಲಿ ನೋಡಿದೆವು, ಅದರಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಆದರೆ ಕಾರಿನಲ್ಲಿ ಹೋದ ದಿನ ಸಮಯ ಉಳಿದಿದ್ದರಿಂದ, ಪಕ್ಕದ ತಾ ತಿಯೆನ್ ಕಟ್ಟೆಯಿಂದ ದೋಣಿಯಲ್ಲಿ ನದಿ ದಾಟಿ ವಾಟ್ ಅರುಣ್ ಗೋಪುರವನ್ನೂ ನೋಡಿ ಬರಲು ಸಾಧ್ಯವಾಯಿತು. ಊಟದ ವಿಷಯದಲ್ಲಿಯೂ ಕಾರಿನ ಕಡೆಗೇ ತಕ್ಕಡಿ ವಾಲುತ್ತದೆ: ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುವುದು ಸಾಮಾನ್ಯ, ಬಫೆಯಲ್ಲಿ ಅದನ್ನು ವಿಚಾರಿಸಲು ಯಾರೂ ಸಿಗುವುದಿಲ್ಲ, ಆದರೆ ಜೊತೆಗಿದ್ದ ಗೈಡ್ ಹಳದಿ ಬಾವುಟ ತೂಗುಹಾಕಿದ್ದ 'ಜೇ', ಅಂದರೆ ಪೂರ್ಣ ಸಸ್ಯಾಹಾರಿ, ಊಟದ ಅಂಗಡಿಯನ್ನೇ ಹುಡುಕಿ ಕೂರಿಸಿದರು.

ಇನ್ನು ತೊಡಕಿನ ವಿಷಯ. ಖಾಸಗಿ ಪ್ರವಾಸ ಕೆಡುವುದು ಬ್ಯಾಂಕಾಕಿನಲ್ಲಲ್ಲ. ಹಡಗಿನ ಮೆಟ್ಟಿಲಿಗೂ ಕಾರಿನ ಬಾಗಿಲಿಗೂ ನಡುವಿನ ಕೆಲವು ನೂರು ಮೀಟರುಗಳಲ್ಲಿ. ಹಡಗು 7ಕ್ಕೆ ದಡ ಸೇರಿತು ಎಂದರೆ ಪ್ರಯಾಣಿಕರು 7ಕ್ಕೆ ಇಳಿಯಬಹುದು ಎಂದರ್ಥವಲ್ಲ. ಮೊದಲು ಸ್ಥಳೀಯ ಅಧಿಕಾರಿಗಳು ಹಡಗಿಗೆ ಅನುಮತಿ ಕೊಡಬೇಕು. ಆಮೇಲೆ, ಹಡಗಿನ ಪ್ರವಾಸ ಕೊಂಡವರನ್ನು ಅಂಗಿಗೆ ಅಂಟಿಸಿದ ಬಣ್ಣದ ಚೀಟಿಗಳ ಪ್ರಕಾರ ಹಡಗಿನೊಳಗಿನ ನಾಟ್ಯಶಾಲೆಯಿಂದ ತಂಡತಂಡವಾಗಿ ಇಳಿಸುತ್ತಾರೆ. ಸ್ವತಂತ್ರವಾಗಿ ಹೋಗುವವರ ಸರದಿ ಅದಾದ ನಂತರ. ನಾವು ಕಾರು ಹೇಳಿದ್ದದ್ದು 7.30ಕ್ಕೆ, ಇಳಿದದ್ದು 8.20ಕ್ಕೆ. ಕಾರಿನ ಏಜೆನ್ಸಿಯ ಗಡಿಯಾರ ಮಾತ್ರ ಒಪ್ಪಂದದ ಪ್ರಕಾರ 7.30ಕ್ಕೇ ಓಡತೊಡಗಿತ್ತು, ಮತ್ತು ಸಂಜೆ ಆ ಐವತ್ತು ನಿಮಿಷಕ್ಕೆ ಹೆಚ್ಚುವರಿ ಗಂಟೆಯ ದರವನ್ನು ನಗುನಗುತ್ತಲೇ ಕೇಳಿದರು.

ಇಳಿದ ಮೇಲೂ ಕಾರು ಎದುರಿಗೇ ನಿಂತಿರುವುದಿಲ್ಲ. ಇದು ಸರಕು ಬಂದರಾದ್ದರಿಂದ ವಾಹನಗಳ ಓಡಾಟಕ್ಕೆ ನಿರ್ಬಂಧಗಳಿವೆ. ಪರವಾನಗಿ ಇರುವ ವಾಹನ ಟರ್ಮಿನಲ್ಲಿನ ಬಳಿ ಬರುತ್ತದೆ, ಇಲ್ಲದ ವಾಹನ ದೂರದಲ್ಲಿ ಕಾಯುತ್ತದೆ. ನಮ್ಮ ಗೈಡ್ ಒಂದು ಕಡೆ, ಚಾಲಕ ಇನ್ನೊಂದು ಕಡೆ ಇದ್ದರು. ಹೆಸರಿನ ಫಲಕ ಹಿಡಿದು ನಿಂತವರು ಹತ್ತಾರು ಮಂದಿ, ಅದೇ ದಿನ ಬಂದಿದ್ದ ಮತ್ತೊಂದು ಹಡಗಿನವರನ್ನು ಕರೆದೊಯ್ಯಲು ಬಂದವರೂ ಅವರಲ್ಲಿ ಸೇರಿದ್ದರು. ಕರೆ ಮಾಡೋಣವೆಂದರೆ ಹಡಗಿನ ವೈಫೈ ದಡದಲ್ಲಿ ಸಿಗುವುದಿಲ್ಲ, ಫೋನಿನ ರೋಮಿಂಗ್ ಎಚ್ಚರಗೊಳ್ಳಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಈ ಹುಡುಕಾಟದ ನಡುವೆ ಟ್ಯಾಕ್ಸಿಯವರು ಬಂದು 'ನಿಮ್ಮ ಕಾರು ಬಂದಿಲ್ಲ, ನಾವು ಕರೆದೊಯ್ಯುತ್ತೇವೆ' ಎಂದು ಮೂರ್ನಾಲ್ಕು ಬಾರಿ ಆಶ್ವಾಸನೆ ಕೊಟ್ಟರು.

ಇದಕ್ಕೂ ಮೀರಿದ್ದು ಗಡಿಯಾರದ ಸಮಸ್ಯೆ. ಸಿಂಗಾಪುರದ ಸಮಯ ಥಾಯ್ಲೆಂಡಿನ ಸಮಯಕ್ಕಿಂತ ಒಂದು ಗಂಟೆ ಮುಂದಿದೆ. ಸಿಂಗಾಪುರದಿಂದ ಹೊರಟ ಹಡಗು ತನ್ನ ಗಡಿಯಾರವನ್ನು ಥಾಯ್ ಸಮಯಕ್ಕೆ ಬದಲಿಸಬಹುದು, ಬದಲಿಸದೆಯೂ ಇರಬಹುದು. ಅದು ಕ್ಯಾಪ್ಟನ್ನನ ತೀರ್ಮಾನ. ಬದಲಿಸದಿದ್ದರೆ 'ಸಂಜೆ 5.30ಕ್ಕೆ ಎಲ್ಲರೂ ಹಡಗಿನಲ್ಲಿರಬೇಕು' ಎಂಬ ಸೂಚನೆಗೆ ದಡದಲ್ಲಿ 4.30 ಎಂದರ್ಥ. ನಮ್ಮ ಫೋನುಗಳು ದಡದ ಸಂಕೇತ ಸಿಕ್ಕ ಕೂಡಲೇ ಯಾರನ್ನೂ ಕೇಳದೆ ಥಾಯ್ ಸಮಯಕ್ಕೆ ಹೊರಳಿಕೊಳ್ಳುತ್ತವೆ, ಗೈಡಿಗೆ ಗೊತ್ತಿರುವುದೂ ಥಾಯ್ ಸಮಯವೇ. ಹಡಗಿನ ಬಸ್ಸಿನಲ್ಲಿ ಹೋದವರು ಇದನ್ನು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಖಾಸಗಿ ಕಾರಿನವರಿಗೆ ಇದೊಂದೇ ಸಾಕು ಹಡಗು ತಪ್ಪಿಸಲು.

ಈಗ ನಾನು ಅನುಸರಿಸುವ ಕ್ರಮ ಸರಳವಾಗಿದೆ. ಕಾರನ್ನು ದಡ ಸೇರುವ ಸಮಯಕ್ಕಿಂತ ಒಂದು ಗಂಟೆಯಾದರೂ ತಡವಾಗಿ ಹೇಳುತ್ತೇನೆ. ಗಂಟೆಗಳ ಎಣಿಕೆ ನಾವು ಕಾರು ಹತ್ತಿದಾಗಿನಿಂದ ಶುರುವಾಗಬೇಕು ಎಂದು ಬರಹದಲ್ಲಿ ಒಪ್ಪಿಸಿಕೊಳ್ಳುತ್ತೇನೆ. ಹಡಗಿನ ಹೆಸರನ್ನೂ ಭೇಟಿಯ ಸ್ಥಳದ ಫೋಟೋವನ್ನೂ ಹಿಂದಿನ ರಾತ್ರಿಯೇ ತರಿಸಿಕೊಳ್ಳುತ್ತೇನೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಬಿಟ್ಟು, ಗೈಡಿಗೆ ಥಾಯ್ ಸಮಯದಲ್ಲಿ ಚೀಟಿ ಬರೆದು ಕೊಡುತ್ತೇನೆ. ಇಷ್ಟು ಮಾಡಿದ ಮೇಲೆ ಆ ತೊಡಕು ಮತ್ತೆ ಕಾಡಿಲ್ಲ.

ಬಂದರಿನ ಟ್ಯಾಕ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಟ್ಟಾಯ ಅಲ್ಲಿಂದ ಅರ್ಧ ಗಂಟೆಯ ಹಾದಿ. ಅಲ್ಲಿಗಷ್ಟೇ ಹೋಗುವವರಿಗೆ, 1981ರಲ್ಲಿ ಕಟ್ಟಲು ತೊಡಗಿ ಇನ್ನೂ ಕಟ್ಟುತ್ತಲೇ ಇರುವ ಸತ್ಯ ಮಂದಿರ ಎಂಬ ಮರದ ಕೆತ್ತನೆಯ ಕಟ್ಟಡವನ್ನು ನೋಡಿ ಬರುವವರಿಗೆ, ಟ್ಯಾಕ್ಸಿ ಧಾರಾಳವಾಗಿ ಸಾಕು. ಬ್ಯಾಂಕಾಕಿಗೆ ಮಾತ್ರ ನಾನು ಅದನ್ನು ನೆಚ್ಚುವುದಿಲ್ಲ, ಏಕೆಂದರೆ ಥಾಯ್ಲೆಂಡಿನಲ್ಲಿ ಪರವಾನಗಿ ಪಡೆದ ಥಾಯ್ ಪ್ರಜೆಗಳಷ್ಟೇ ಗೈಡ್ ಆಗಬಹುದು. ಪರವಾನಗಿ ಇಲ್ಲದ ಚಾಲಕ ಅರಮನೆಯ ಬಾಗಿಲಲ್ಲಿ ಬಿಟ್ಟು ಹೋದ ಮೇಲೆ ನೀವು ಒಬ್ಬಂಟಿ. 'ಅರಮನೆ ಇವತ್ತು ಮುಚ್ಚಿದೆ, ಬೇರೆ ದೇವಾಲಯಕ್ಕೆ ಕರೆದೊಯ್ಯುತ್ತೇನೆ' ಎನ್ನುವ ಟುಕ್‌ಟುಕ್ ಮಹಾಶಯರು ಕಾಯುವುದೂ ಅಲ್ಲಿಯೇ. ಹಡಗಿನ ಕಂಪನಿಗಳು ಗೈಡ್ ಇಲ್ಲದೆ ನಗರದ ಮಾಲ್ ಒಂದರ ಮುಂದೆ ಇಳಿಸಿ ಸಂಜೆ ಹತ್ತಿಸಿಕೊಳ್ಳುವ ಬಸ್ಸನ್ನೂ ಮಾರುತ್ತವೆ. ಮೆಟ್ರೋ ಈಗ ಸನಾಮ್ ಚಾಯ್ ನಿಲ್ದಾಣದ ಮೂಲಕ ವಾಟ್ ಫೋ ಹತ್ತಿರಕ್ಕೇ ಹೋಗುವುದರಿಂದ, ಒಬ್ಬರೇ ತಿರುಗಾಡುವ ಕಿರಿಯರಿಗೆ ಅದು ಕೆಟ್ಟ ಆಯ್ಕೆಯಲ್ಲ.

ದುಡ್ಡಿನ ಲೆಕ್ಕ ತಲೆಗಳ ಮೇಲೆ ನಿಂತಿದೆ. ಹಡಗಿನ ಬಸ್ಸಿಗೆ ತಲೆಗಿಷ್ಟು ಎಂದು ಡಾಲರಿನಲ್ಲಿ ದರ. ಕಾರಿಗೆ ದಿನಕ್ಕಿಷ್ಟು ಎಂದು ಬಾತ್‌ನಲ್ಲಿ ದರ, ಒಬ್ಬರು ಕೂತರೂ ಎಂಟು ಜನ ಕೂತರೂ ಅಷ್ಟೇ. ನಮ್ಮದು ಮೂರು ತಲೆಮಾರಿನ ಆರು ಜನರ ಗುಂಪಾದ್ದರಿಂದ ವ್ಯಾನು, ಗೈಡ್, ಮೋಟರ್‌ವೇ ಸುಂಕ, ಕೊನೆಗೆ ಕೊಟ್ಟ ಬಕ್ಷೀಸು ಎಲ್ಲ ಸೇರಿದರೂ ಬಸ್ಸಿಗಿಂತ ಕಡಿಮೆಯೇ ಬಿತ್ತು. ಇಬ್ಬರೇ ಹೋಗಿದ್ದರೆ ಹೆಚ್ಚೇ ಆಗುತ್ತಿತ್ತು. ಪ್ರವೇಶ ಶುಲ್ಕಗಳು ಕಾರಿನ ದರದಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು: ಗ್ರ್ಯಾಂಡ್ ಪ್ಯಾಲೇಸಿನಲ್ಲಿ ವಿದೇಶಿಯರಿಗೆ ತಲಾ 500 ಬಾತ್ ಆಗಿತ್ತು, ಆರು ಜನಕ್ಕೆ ಅದೊಂದೇ 3,000.

ನನ್ನ ಅಭ್ಯಾಸಕ್ಕೆ, ಅಂದರೆ ಒಂದೇ ಗೋಡೆಯ ಮುಂದೆ ಒಂದು ಗಂಟೆ ನಿಲ್ಲುವ, ಅಂಗಡಿಗಳನ್ನು ಕಂಡರೆ ಬೇಸರಗೊಳ್ಳುವ, ಮೊಣಕಾಲು ನೋವಿನ ತಾಯಿಯನ್ನು ಬಾಗಿಲಿನ ಹತ್ತಿರವೇ ಇಳಿಸಬೇಕಾದ ನನ್ನಂಥವನಿಗೆ, ಕಾರಿನ ವಿರುದ್ಧ ಹೇಳುವಂಥದ್ದು ಹೆಚ್ಚಿಲ್ಲ. ಇಬ್ಬರೇ ಹೋಗುವಾಗ, ಅದರಲ್ಲೂ ಹಡಗು ಸಂಜೆ 5ಕ್ಕೇ ಹೊರಡುವುದಾದರೆ, ನಾನು ಬ್ಯಾಂಕಾಕಿನ ಆಸೆ ಬಿಟ್ಟು ಪಟ್ಟಾಯದ ಟ್ಯಾಕ್ಸಿ ಹಿಡಿದೇನು. ಹಡಗು ಎರಡು ದಿನ ಅಲ್ಲಿಯೇ ನಿಲ್ಲುವುದಾದರೆ ಕಾರನ್ನು ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಮರುದಿನ ಎಂದು ಒಪ್ಪಿಸಿ ರಾತ್ರಿ ನಗರದಲ್ಲೇ ತಂಗುತ್ತೇನೆ.

ಮುಂಗಡದ ಬಗ್ಗೆ ಒಂದು ಮಾತು ಉಳಿದಿದೆ. ಹವಾಮಾನದಿಂದಲೋ ಮತ್ತೊಂದರಿಂದಲೋ ಹಡಗು ಬಂದರನ್ನೇ ಬಿಟ್ಟು ಮುಂದೆ ಹೋದರೆ, ಹಡಗಿನ ಪ್ರವಾಸದ ಹಣ ಕೇಳದೆಯೇ ನಮ್ಮ ಖಾತೆಗೆ ಮರಳುತ್ತದೆ. ಖಾಸಗಿ ಏಜೆನ್ಸಿಯವರಲ್ಲಿ ಅದು ಅವರವರ ಷರತ್ತಿಗೆ ಬಿಟ್ಟದ್ದು. 'ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್' ಎಂದು ಬರೆದು ಕೊಡುವವರು ಇದ್ದಾರೆ, ಅಲ್ಪ ಮುಂಗಡ ಪಡೆದು ಉಳಿದದ್ದನ್ನು ಸಂಜೆ ಬಂದರಿನಲ್ಲಿ ನಗದಾಗಿ ತೆಗೆದುಕೊಳ್ಳುವವರೂ ಇದ್ದಾರೆ. ಈ ಎರಡರಲ್ಲಿ ಒಂದಕ್ಕೂ ಒಪ್ಪದವರ ದರ ಎಷ್ಟೇ ಕಡಿಮೆಯಿದ್ದರೂ ನಾನು ಅವರಿಗೆ ಹಣ ಕಳಿಸುವುದಿಲ್ಲ.