ಪೆನ್ನು ಮಾಡಲು ಲೇತ್ ಕೊಳ್ಳುವವರೇ, ‘14 ಇಂಚು’ ಎಂದರೆ ನಂಬಬೇಡಿ

ದಾವಣಗೆರೆ, ಹರಿಹರದ ಕಡೆ ಇಂಕ್ ಪೆನ್ನು ಮಾಡಲೆಂದು ಸಣ್ಣ ಲೇತ್ (ವಸ್ತುವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ನನ್ನ 62 ಸಾವಿರ ರೂಪಾಯಿ ಹೋಗಿದೆ. ಹಣಕ್ಕಿಂತ ಹೆಚ್ಚಾಗಿ, ಲೇತ್ ಮಾರಿದ ಆ ಮನುಷ್ಯ ಕೊಟ್ಟ ಉತ್ತರಗಳು ಹೊಟ್ಟೆ ಉರಿಸುತ್ತಿವೆ.

ನಾನು ಕೇಳಿದ್ದು ಸ್ಪಷ್ಟವಾಗಿತ್ತು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ರಾಡ್ ಕಡೆದು ಪೆನ್ನು ಮಾಡಬೇಕು, 7 × 14 ಲೇತ್ ಬೇಕು, ಉದ್ದ ರಾಡ್ ಹಾಯಲು ಸ್ಪಿಂಡಲ್ (ತಿರುಗುವ ದಂಡ) ತೂತು 20 ಎಂಎಂ ಇರಬೇಕು. ಈ ಸಣ್ಣ ಲೇತ್‌ಗಳಲ್ಲಿ 7 ಎಂದರೆ ಬೆಡ್ (ಯಂತ್ರದ ಉದ್ದನೆಯ ತಳ) ಮೇಲೆ ತಿರುಗಬಲ್ಲ ವಸ್ತುವಿನ ವ್ಯಾಸ, 14 ಎಂದರೆ ವಸ್ತುವನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆಗಳ, ಅಂದರೆ ಎರಡು ಸೆಂಟರ್‌ಗಳ ನಡುವಿನ ದೂರ, ಎರಡೂ ಇಂಚಿನಲ್ಲಿ. ವ್ಯಾಪಾರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. “ಪೂರ್ತಿ ಹದಿನಾಲ್ಕು ಇಂಚು ಸರ್, ಪೆನ್ನಿಗೆಂದೇ ಮಾಡಿದ ಹಾಗಿದೆ” ಎಂದ. ಪೆನ್ನಿಗೆಂದೇ!

ಯಂತ್ರ ಬಂದ ದಿನ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ನಮ್ಮ ಬೀದಿಯ ಹಿರಿಯರನ್ನು ಕರೆದಿದ್ದೆ. 1941ರಿಂದ ಲೇತ್ ಮಾಡಿದ ಊರಿನವರು, ಮೊದಲ ಸಿಪ್ಪೆ ಅವರ ಕೈಯಿಂದಲೇ ಬೀಳಲಿ ಎಂಬ ಆಸೆ. ರಾಡ್ ಕಟ್ಟಿದೆವು. ಬೆಡ್ ಮೇಲೆ ಸರಿದಾಡುವ ಟೇಲ್‌ಸ್ಟಾಕ್‌ಗೆ ಡ್ರಿಲ್ ಚಕ್ ಹಾಕಿ, ತೂತು ಕೊರೆಯುವ 10 ಎಂಎಂ ಬಿಟ್ ಸಿಕ್ಕಿಸಿದೆವು. ಟೇಲ್‌ಸ್ಟಾಕನ್ನು ಹಿಂದಕ್ಕೆ ಎಳೆದೆ. ಇನ್ನೂ ಎಳೆದೆ. ಬೆಡ್ ಮುಗಿಯಿತು, ಬಿಟ್‌ನ ಮೂತಿ ಮಾತ್ರ ಇನ್ನೂ ರಾಡ್‌ಗೆ ಒತ್ತಿಕೊಂಡೇ ಇತ್ತು. ತೂತು ಕೊರೆಯುವ ಮಾತಿರಲಿ, ಬಿಟ್ ನಿಲ್ಲಿಸಲೂ ಜಾಗವಿಲ್ಲ. ಹಿರಿಯರು ಏನೂ ಅನ್ನದೆ ಟೇಪ್ ಹಿಡಿದರು. ಬೆಡ್ ಈ ತುದಿಯಿಂದ ಆ ತುದಿಗೆ ಸರಿಯಾಗಿ 14 ಇಂಚು. ಸೆಂಟರ್‌ನಿಂದ ಸೆಂಟರ್‌ಗೆ 8 ಇಂಚೂ ತುಂಬಲಿಲ್ಲ. “ತಮ್ಮಾ, ಹೆಡ್‌ಸ್ಟಾಕ್ ಕುಳಿತ ಜಾಗಕ್ಕೂ ನಿನ್ನಿಂದ ದುಡ್ಡು ಎಣಿಸಿಕೊಂಡಿದ್ದಾನೆ” ಎಂದರು. ಹೆಡ್‌ಸ್ಟಾಕ್ ಎಂದರೆ ಸ್ಪಿಂಡಲ್ ಕೂರುವ ಪೆಟ್ಟಿಗೆ. ಅವರ ಮುಂದೆ ಮುಖ ಎತ್ತಲು ಆಗಲಿಲ್ಲ.

ಕೂಡಲೇ ಫೋನ್ ಮಾಡಿದೆ. “ನಮ್ಮ ಕಡೆ ಲೇತ್ ಅಳೆಯುವುದೇ ಬೆಡ್ ಉದ್ದದಿಂದ ಸರ್. ನಾಲ್ಕೂವರೆ ಅಡಿ, ಆರಡಿ ಅನ್ನುವುದಿಲ್ಲವೇ?” ಎಂದ. ಅನ್ನುತ್ತಾರೆ, ಸರಿ. ದೊಡ್ಡ ಲೇತ್‌ಗೆ ಹಾಗೆ ಅನ್ನುತ್ತಾರೆ. ನಾನು ಕೇಳಿದ್ದು 7 × 14. ಮತ್ತೆ ಹೇಳಿದೆ. “ಪೆನ್ನು ಐದಾರು ಇಂಚು ಇರುತ್ತದೆ, ಎಂಟು ಇಂಚು ಸಾಲದೇ?” ಸಾಲದು ಸ್ವಾಮಿ, ಸಾಲದು! 10 ಎಂಎಂ ಬಿಟ್ ಒಂದೇ 133 ಎಂಎಂ ಉದ್ದ. ಅದನ್ನು ಹಿಡಿಯುವ ಡ್ರಿಲ್ ಚಕ್, ಈ ಕಡೆ ರಾಡ್ ಹಿಡಿಯುವ ಕೋಲೆಟ್ ಚಕ್, ಅದರಿಂದ ಹೊರಗೆ ಚಾಚಿದ ರಾಡ್, ಎಲ್ಲ ಸೇರಿದರೆ 300 ಎಂಎಂ ಹತ್ತಿರಕ್ಕೆ ಬರುತ್ತದೆ. ಪೆನ್ನಿನ ಉದ್ದ ನೋಡಿ ಲೇತ್ ಕೊಳ್ಳಲಾಗುವುದಿಲ್ಲ.

ಕೋಲೆಟ್ ಚಕ್‌ನದು ಇನ್ನೊಂದು ಮೋಸ. ಬರೀ ಸ್ಪಿಂಡಲ್‌ನಲ್ಲಿ ರಾಡ್ ಆಚೆಗೆ ಹಾಯುವುದನ್ನು ವಿಡಿಯೊ ಮಾಡಿ ಕಳಿಸಿದ್ದ. ಕೊಟ್ಟದ್ದು ಸ್ಪಿಂಡಲ್ ತೂತಿನೊಳಗೆ ಕೂರುವ, ಟೇಪರ್ (ಹೋಗುತ್ತ ಸಣ್ಣಗಾಗುವ) ಬಾಲದ ಚಕ್. ಅದನ್ನು ಹಿಂದಿನಿಂದ ಉದ್ದನೆಯ ಬೋಲ್ಟ್ ಹಾಕಿ ಬಿಗಿಯಬೇಕು, ಹಾಗಾಗಿ ಉದ್ದ ರಾಡ್ ಒಳಗೆ ಹೋಗುವುದೇ ಇಲ್ಲ. ಕೇಳಿದರೆ “ತೂತು ಇಪ್ಪತ್ತು ಎಂಎಂ ಅಂದೆ, ಇದೆಯಲ್ಲ?” ವಾಪಸ್ ತೆಗೆದುಕೊಳ್ಳಿ ಎಂದಾಗ “ಡಬ್ಬ ಒಡೆದಿದ್ದೀರಿ” ಎಂದ. ಡಬ್ಬ ಒಡೆಯದೆ ಅಳೆಯುವುದು ಹೇಗೆ? ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಎರಡು ಸೆಂಟರ್ ನಡುವೆ ಟೇಪ್ ಹಿಡಿದ ಫೋಟೊ ಕೇಳಿ, 300 ಎಂಎಂಗಿಂತ ಕಡಿಮೆಯಾದರೆ ಬೇಡವೇ ಬೇಡ. ಕೋಲೆಟ್ ಚಕ್ ಸ್ಪಿಂಡಲ್ ಮುಖಕ್ಕೆ ಬೋಲ್ಟ್ ಆಗುವಂಥದ್ದೇ ಇರಲಿ, ಅದನ್ನು ಕಟ್ಟಿದ ಮೇಲೆ ರಾಡ್ ಹಾಯಿಸಿ ತೋರಿಸಲಿ. ಅಳತೆಗಳನ್ನು ಬಿಲ್ಲಿನ ಮೇಲೆ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇದೇ ‘14 ಇಂಚಿನ’ ಲೇತ್ ನಿಮಗೂ ಬಂದಿದ್ದರೆ ಬಿಲ್ಲು, ವಿಡಿಯೊ, ಸಂದೇಶ ಯಾವುದನ್ನೂ ಅಳಿಸಬೇಡಿ, ನನಗೆ ತಿಳಿಸಿ.