ಹಳದಿ ಮಾರ್ಗಕ್ಕಾಗಿ ಸ್ಕೂಟರನ್ನು ಮನೆಯಲ್ಲಿ ಬಿಡಬಹುದೇ?

ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ವರ್ಷಗಟ್ಟಲೆ ಸ್ಕೂಟರಿನಲ್ಲೇ ಓಡಾಡಿದವನು ನಾನು. ನಮ್ಮ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ನನ್ನಂಥವರೆಲ್ಲ ಮಾರನೆಯ ದಿನವೇ ಗಾಡಿಯ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿಬಿಡುತ್ತೇವೆ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತಿತ್ತು. ಹಾಗಾಗಲಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ 19.15 ಕಿಲೋಮೀಟರ್ ಮಾರ್ಗ ಸೊಗಸಾಗಿದೆ, 16 ನಿಲ್ದಾಣಗಳೂ ಅಚ್ಚುಕಟ್ಟಾಗಿವೆ. ಆದರೆ ಮನೆಯಿಂದ ಹೊರಡುವವನು ಗಾಡಿ ತೆಗೆಯಬೇಕೋ ರೈಲು ಹತ್ತಬೇಕೋ ಎಂದು ತೀರ್ಮಾನಿಸುವುದು ನಿಲ್ದಾಣದ ಅಂದವನ್ನು ನೋಡಿ ಅಲ್ಲ. ಎಷ್ಟು ಹೊತ್ತು ಕಾಯಬೇಕು, ಇಳಿದ ಮೇಲೆ ಎಷ್ಟು ದೂರ ನಡೆಯಬೇಕು ಎಂಬ ಲೆಕ್ಕದ ಮೇಲೆ.

ಮೊದಲಿಗೆ ಕಾಯುವ ಮಾತು. ಮಾರ್ಗ ಆರಂಭವಾದಾಗ ಇದ್ದದ್ದು ಮೂರೇ ರೈಲು, ಎರಡು ರೈಲುಗಳ ನಡುವಿನ ಅಂತರ 25 ನಿಮಿಷ. ಇಷ್ಟು ಅಂತರವಿದ್ದರೆ ಮೆಟ್ರೊ ನಗರದ ರೈಲಾಗಿ ಉಳಿಯುವುದಿಲ್ಲ, ಊರಿನ ಬಸ್ಸಿನಂತಾಗಿಬಿಡುತ್ತದೆ: ವೇಳೆಯನ್ನು ಬಾಯಿಪಾಠ ಮಾಡಿಕೊಂಡು, ಮನೆಯಿಂದ ಐದು ನಿಮಿಷ ಮೊದಲೇ ಹೊರಟು, ಒಂದು ತಪ್ಪಿದರೆ ಬೆಳಗಿನ ಲೆಕ್ಕವೆಲ್ಲ ತಲೆಕೆಳಗು. ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸುವವರು ಪ್ಲಾಟ್‌ಫಾರ್ಮಿನ ಫಲಕದಲ್ಲಿ ನಿಮಿಷಗಳ ಅಂಕಿಯನ್ನು ನೋಡಿ, ಅದು ಎರಡಂಕಿಯಾಗಿದ್ದರೆ ಒಮ್ಮೆ ನಿಟ್ಟುಸಿರು ಬಿಟ್ಟು ಮೊಬೈಲಿಗೆ ತಲೆ ಬಗ್ಗಿಸುವುದನ್ನು ಆ ದಿನಗಳಲ್ಲಿ ಬಹಳ ಸಲ ಕಂಡಿದ್ದೇನೆ. ರೈಲಿನೊಳಗೆ ಕುಳಿತ ಒಂದು ನಿಮಿಷಕ್ಕಿಂತ ನಿಲ್ದಾಣದಲ್ಲಿ ಕಾದ ಒಂದು ನಿಮಿಷ ಪ್ರಯಾಣಿಕನಿಗೆ ಸುಮಾರು ಎರಡು ಪಟ್ಟು ಭಾರವೆನಿಸುತ್ತದೆ ಎಂದು ಸಾರಿಗೆ ಯೋಜಕರು ಬಹುಕಾಲದಿಂದ ಲೆಕ್ಕ ಹಾಕುತ್ತ ಬಂದಿದ್ದಾರೆ. ಹೊಸ ರೈಲುಗಳು ಒಂದೊಂದಾಗಿ ಸೇರಿ ಅಂತರ ಇಳಿದಾಗ ನನ್ನ ಪಕ್ಕದ ಮೇಜಿನ ಗೆಳೆಯರು ಕಾರು ಬಿಟ್ಟು ಬರತೊಡಗಿದರು; ಅಷ್ಟರಲ್ಲಿ ದರವೇನೂ ಇಳಿದಿರಲಿಲ್ಲ, ಬೋಗಿಗಳೂ ಬದಲಾಗಿರಲಿಲ್ಲ.

ಹಾಗೆಂದು ದರ ಲೆಕ್ಕಕ್ಕಿಲ್ಲ ಎನ್ನಲಾಗದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಟಿಕೆಟ್ 60 ರೂಪಾಯಿ. ಲೀಟರಿಗೆ ನೂರು ರೂಪಾಯಿ ದಾಟಿರುವ ಪೆಟ್ರೋಲಿನಲ್ಲೂ, ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿಗೆ ಅಷ್ಟೇ ದೂರಕ್ಕೆ ತಗಲುವುದು 45 ರೂಪಾಯಿಯೊಳಗೆ. ಗಂಡ ಹೆಂಡತಿ ಇಬ್ಬರೂ ಒಂದೇ ದಿಕ್ಕಿಗೆ ಹೋಗುವವರಾದರೆ ತಲೆಗೆ ಅದರಲ್ಲಿ ಅರ್ಧ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ನೇರಳೆ ಮತ್ತು ಹಸಿರು ಮಾರ್ಗಗಳಲ್ಲಿ ಪ್ರಯಾಣಿಕರ ಸಂಖ್ಯೆ ಕುಸಿದದ್ದು ಸುದ್ದಿಯಾಗಿತ್ತು. ಹಾಗೆ ಬಿಟ್ಟುಹೋಗಲು ಸಾಧ್ಯವಾದದ್ದು ಮನೆಯ ಮುಂದೆ ಬೇರೆ ವಾಹನವಿದ್ದವರಿಗೆ, ಇಲ್ಲವೇ ಬಸ್ಸು ಹತ್ತಿರವಿದ್ದವರಿಗೆ. ಸ್ಮಾರ್ಟ್ ಕಾರ್ಡಿಗೆ ಕೊಡುವ ಶೇ 5ರ ರಿಯಾಯಿತಿಯಿಂದ 60 ರೂಪಾಯಿಯಲ್ಲಿ ಉಳಿಯುವುದು 3 ರೂಪಾಯಿ. ಅದಕ್ಕಾಗಿ ಯಾರೂ ಸ್ಕೂಟರ್ ಬಿಡುವುದಿಲ್ಲ.

ಮಹಿಳೆಯರ ಲೆಕ್ಕವೇ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಇಲ್ಲ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಗಳೊಬ್ಬಳು ಈ ಮಾರ್ಗದ ತುದಿಯಿಂದ ತುದಿಗೆ ದಿನಕ್ಕೆ 120 ರೂಪಾಯಿ ಕೊಟ್ಟು ಓಡಾಡಬೇಕೆಂದರೆ, ಹೊಸೂರು ರಸ್ತೆಯ ಬಸ್ಸು ಎಷ್ಟೇ ತುಂಬಿದ್ದರೂ ಅವಳ ಮಟ್ಟಿಗೆ ಅದೇ ಸರಿ. ಹಳದಿ ಮಾರ್ಗ ಬಂದಿತೆಂದು ಆ ರಸ್ತೆಯ ಬಸ್ಸುಗಳನ್ನು ಕಡಿಮೆ ಮಾಡಬೇಕೆನ್ನುವವರು ಬೆಳಿಗ್ಗೆ ಏಳು ಗಂಟೆಗೆ ಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಬೇಕು.

ರೈಲಿನ ಒಳಗಿನ ಅನುಭವದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಆರು ಬೋಗಿ, ತಣ್ಣಗಿನ ಗಾಳಿ, ನಿಲ್ಲಲು ಜಾಗ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಮೇಲೆ ರೈಲು, ಅದರಡಿಯಲ್ಲಿ ಮೇಲ್ಸೇತುವೆ, ಅದಕ್ಕೂ ಕೆಳಗೆ ಹಳೆಯ ರಸ್ತೆ. ಕಿಟಕಿಯಿಂದ ಕೆಳಗೆ ನೋಡಿದಾಗ ನಿಂತಲ್ಲೇ ನಿಂತಿರುವ ಕಂಪನಿ ಬಸ್ಸೊಂದರಲ್ಲಿ ತಲೆ ವಾಲಿಸಿ ನಿದ್ದೆ ಹೋದವರು ಕಾಣುತ್ತಾರೆ. ಅವರೇಕೆ ಇನ್ನೂ ಅಲ್ಲೇ ಇದ್ದಾರೆ ಎಂದರೆ, ಆ ಬಸ್ಸು ಅವರನ್ನು ಮನೆಯ ತಿರುವಿನಿಂದ ಹತ್ತಿಸಿಕೊಂಡು ಕಚೇರಿಯ ಬಾಗಿಲಲ್ಲೇ ಇಳಿಸುತ್ತದೆ.

ಮೆಟ್ರೊ ಹಾಗೆ ಇಳಿಸಲಾರದು. ಎಲೆಕ್ಟ್ರಾನಿಕ್ ಸಿಟಿ, ಕೋನಪ್ಪನ ಅಗ್ರಹಾರ ನಿಲ್ದಾಣಗಳು ಹೊಸೂರು ರಸ್ತೆಯ ಮೇಲಿವೆ, ಬಹಳಷ್ಟು ಕಚೇರಿಗಳು ಒಳಗಿನ ರಸ್ತೆಗಳಲ್ಲಿವೆ. ನನ್ನ ಕಚೇರಿಗೆ ನಿಲ್ದಾಣದಿಂದ ಒಂದೂವರೆ ಕಿಲೋಮೀಟರ್. ಬಿಸಿಲಿಲ್ಲದ ದಿನ ನಡೆದೇ ಹೋಗುತ್ತೇನೆ. ಮಳೆ ಬಂದ ದಿನ ಆಟೊದವರೊಬ್ಬರು ಅಷ್ಟಕ್ಕೇ ನೂರು ರೂಪಾಯಿ ಕೇಳಿದ್ದರು, ಸರ್ಕಾರ ನಿಗದಿಪಡಿಸಿದ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಇರುವಾಗ. ಅವರ ಜೊತೆ ಚೌಕಾಸಿ ಮಾಡುತ್ತ ನೆನೆದುಕೊಂಡು ನಿಂತಾಗ ಸ್ಕೂಟರ್ ನೆನಪಾಗದೆ ಇರುತ್ತದೆಯೇ? ಮೆಟ್ರೊ ಸಂಪರ್ಕದ ಫೀಡರ್ ಬಸ್ಸು ರೈಲು ಬರುವ ಹೊತ್ತಿಗೆ ಸರಿಯಾಗಿ ಕೆಳಗೆ ನಿಂತಿದ್ದರೆ ಮಾತ್ರ ಈ ಕೊನೆಯ ತುಂಡು ರಸ್ತೆ ಪ್ರಯಾಣಿಕನ ಮನಸ್ಸಿನಿಂದ ಅಳಿಸಿಹೋಗುತ್ತದೆ.

ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯೊಳಗೆ ಮನೆ ಮತ್ತು ಕಚೇರಿ ಎರಡೂ ಇರುವವರಿಗೆ ಈ ಸೇವೆಯನ್ನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ. ರಾತ್ರಿ ಪಾಳಿಯವರಿಗೆ ಇದು ಆಗಿಬರುವುದಿಲ್ಲ. ಈ ಎರಡರ ನಡುವೆ ಇರುವ ನನ್ನಂಥವರು ವಾರಕ್ಕೆ ನಾಲ್ಕು ದಿನ ರೈಲು, ಸಂಜೆ ಬೇರೆ ಕೆಲಸವಿದ್ದ ದಿನ ಗಾಡಿ ಎಂಬ ಒಪ್ಪಂದಕ್ಕೆ ಬಂದಿದ್ದೇವೆ. ಕಳೆದ ತಿಂಗಳು ಸ್ಕೂಟರಿನ ವಿಮೆ ಮುಗಿದಿತ್ತು. ಒಂದು ವಾರ ಯೋಚಿಸಿ, ಮತ್ತೆ ಒಂದು ವರ್ಷಕ್ಕೆ ಕಟ್ಟಿ ಬಂದೆ.